ಮಹಡಿಯ ಮೇಲಿನ ಎಸಿ ಮಧ್ಯಾಹ್ನವೇ ಏಕೆ ನಿಲ್ಲುತ್ತದೆ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಹಡಿಯ ಮೇಲೆ ಏಳೂವರೆ ಟನ್ನಿನ ಎರಡು ಪ್ಯಾಕೇಜ್ ಎಸಿಗಳಿವೆ (ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿರುವಂಥವು). ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಗಿರಾಕಿಗಳು ತುಂಬಿರುವಾಗಲೇ, ಒಂದರ ಹಿಂದೆ ಒಂದು ನಿಂತುಬಿಡುತ್ತವೆ. ಕೈಪಿಡಿಯಲ್ಲಿ 46 ಡಿಗ್ರಿಯವರೆಗೆ ನಡೆಯುತ್ತದೆ ಎಂದು ಬರೆದಿದೆ. ಆ ದಿನ ಊರಿನಲ್ಲಿ ಇದ್ದದ್ದು 41. ಮೆಕ್ಯಾನಿಕ್ ಹತ್ತು ಟನ್ನಿನದು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ ಸರ್?

ಉತ್ತರ: ಬೇಡ. ಹಣ ಕೊಡುವ ಮೊದಲು ಇನ್ನೂರು ಮುನ್ನೂರು ರೂಪಾಯಿಯ ಒಂದು ಥರ್ಮಾಮೀಟರ್ ತೆಗೆದುಕೊಂಡು ಮಹಡಿ ಹತ್ತಿ.

ಯುಗಾದಿ ಕಳೆದ ಕೂಡಲೇ ಈ ಪ್ರಶ್ನೆ ಬರತೊಡಗುತ್ತದೆ. ಕಲಬುರಗಿಯಿಂದ, ರಾಯಚೂರಿನಿಂದ, ಬಳ್ಳಾರಿಯಿಂದ. ಅಂಗಡಿ ಬೇರೆ, ಯಂತ್ರ ಬೇರೆ, ಪ್ರಶ್ನೆ ಮಾತ್ರ ಒಂದೇ. ಉತ್ತರವೂ ಒಂದೇ ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಕೈಪಿಡಿಯ 46 ಡಿಗ್ರಿ ಮತ್ತು ಹವಾಮಾನ ವರದಿಯ 41 ಡಿಗ್ರಿ ಒಂದೇ ಜಾಗದ ಅಳತೆಗಳಲ್ಲ. ಹವಾಮಾನ ಇಲಾಖೆ ಉಷ್ಣಾಂಶ ಅಳೆಯುವುದು ಬಯಲಿನಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣದ, ಸುತ್ತಲೂ ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ. ಕೈಪಿಡಿ ಹೇಳುವುದು ಶಾಖವನ್ನು ಹೊರಕ್ಕೆ ಬಿಡುವ ಕೊಳವೆಗಳ ಜಾಲವಾದ ಕಂಡೆನ್ಸರ್ ಕಾಯಿಲ್‌ನ ಒಳಕ್ಕೆ ಹೋಗುತ್ತಿರುವ ಗಾಳಿಯ ಉಷ್ಣಾಂಶವನ್ನು, ಅಂದರೆ ಯಂತ್ರ ಆ ಗಳಿಗೆಯಲ್ಲಿ ಉಸಿರಾಡುತ್ತಿರುವ ಗಾಳಿಯದನ್ನು. ಬೆಳಗಿನಿಂದ ಕಾದ ಕಾಂಕ್ರೀಟು, ಎದೆಮಟ್ಟದ ಪ್ಯಾರಾಪೆಟ್ ಗೋಡೆ, ಪಕ್ಕದಲ್ಲೇ ಇನ್ನೊಂದು ಯಂತ್ರ ಇರುವ ಮೂಲೆಯಲ್ಲಿ ಆ ಉಸಿರು 41 ಡಿಗ್ರಿ ಇರುವುದಿಲ್ಲ.

ಒಂದು ಕಲ್ಯಾಣ ಮಂಟಪದ ಕಥೆ ಹೇಳುತ್ತೇನೆ. ಮಾಲೀಕರು ಯಂತ್ರಗಳ ಮೇಲೆ ಬಿಸಿಲು ಬೀಳಬಾರದೆಂದು ಪ್ರೀತಿಯಿಂದ ತಗಡಿನ ಚಪ್ಪರ ಹಾಕಿಸಿದ್ದರು. ಫ್ಯಾನಿಗೂ ತಗಡಿಗೂ ಎರಡೇ ಅಡಿ ಅಂತರ. ಫ್ಯಾನ್ ಮೇಲಕ್ಕೆ ಎಸೆದ ಬಿಸಿಗಾಳಿ ತಗಡಿಗೆ ಬಡಿದು, ಪಕ್ಕಕ್ಕೆ ಹರಡಿ, ಗೋಡೆಗೆ ತಾಗಿ ಕೆಳಗಿಳಿದು ಮತ್ತೆ ಕಾಯಿಲ್‌ಗೇ ಹೋಗುತ್ತಿತ್ತು. ಹೊರಗಿನ ಬಯಲು ನೆರಳಿನಲ್ಲಿ 41, ಕಾಯಿಲ್‌ನ ಮುಂದೆ 49. ಅವರೆದುರೇ ತಗಡು ಬಿಚ್ಚಿಸಿದೆ. ಅರ್ಧ ಗಂಟೆಯಲ್ಲಿ 43ಕ್ಕೆ ಇಳಿಯಿತು, ಆ ಬೇಸಿಗೆಯಲ್ಲಿ ಯಂತ್ರ ಮತ್ತೆ ನಿಲ್ಲಲಿಲ್ಲ. ಯಂತ್ರಕ್ಕೆ ನೆರಳು ಬೇಕು ಎನ್ನುವವರು ಈ ಲೆಕ್ಕ ನೋಡಿ. ಏಳೂವರೆ ಟನ್ನಿನ ಯಂತ್ರ ಅಂಗಡಿಯ ಒಳಗಿನಿಂದ ಎತ್ತುವ ಶಾಖ ಸುಮಾರು 26 ಕಿಲೋವ್ಯಾಟ್. ಅದರ ಜೊತೆಗೆ ತಾನು ತಿನ್ನುವ ವಿದ್ಯುತ್ತೂ ಶಾಖವಾಗಿ ಸೇರಿ ಹೊರಕ್ಕೆ ಎಸೆಯಬೇಕಾದದ್ದು 35 ಕಿಲೋವ್ಯಾಟ್‌ನಷ್ಟು. ನೆತ್ತಿಯ ಬಿಸಿಲು ಯಂತ್ರದ ಮೈಗೆ ಕೊಡುವುದು ಹೆಚ್ಚೆಂದರೆ ಎರಡು ಕಿಲೋವ್ಯಾಟ್. ಎರಡನ್ನು ತಡೆಯಲು ಹೋಗಿ ಮೂವತ್ತೈದರ ದಾರಿಗೆ ಮುಚ್ಚಳ ಹಾಕಿದಂತಾಯಿತು.

ನಿಲ್ಲುವುದು ಏಕೆ ಎಂದರೆ, ಹೊರಗಿನ ಗಾಳಿ ಬಿಸಿಯಾದಷ್ಟೂ ಕಾಯಿಲ್‌ನೊಳಗಿನ ಗ್ಯಾಸಿನ ಒತ್ತಡ ಏರುತ್ತದೆ. ಆರ್-410ಎ ಗ್ಯಾಸಿನ ಯಂತ್ರಗಳಲ್ಲಿ ಒತ್ತಡ ಸುಮಾರು 600 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟಿದಾಗ, ಒತ್ತಡ ಮಿತಿಮೀರದಂತೆ ಕಾಯುವ ಎಚ್‌ಪಿ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಅದು ಕೆಟ್ಟು ನಿಂತದ್ದಲ್ಲ, ಕೆಡಬಾರದೆಂದು ನಿಂತದ್ದು. ಆ ಸ್ವಿಚ್ಚಿನ ಎರಡು ತಂತಿಗಳನ್ನು ಒಟ್ಟಿಗೆ ಕಟ್ಟಿ ಯಂತ್ರ ಓಡಿಸುವ ಮೆಕ್ಯಾನಿಕ್ಕನ್ನು ಮತ್ತೆ ಮಹಡಿ ಹತ್ತಿಸಬೇಡಿ. ಒತ್ತಡಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಕಂಪ್ರೆಸರ್ ಸುಡುತ್ತದೆ, ಇಲ್ಲವೇ ಪೈಪು ಸಿಡಿಯುತ್ತದೆ, ಪಕ್ಕದಲ್ಲಿ ನಿಂತಿರುವುದು ಮನುಷ್ಯ.

ಇನ್ನು ಹತ್ತು ಟನ್ನಿನ ವಿಷಯ. "ಟನ್ ಹೆಚ್ಚಿದ್ದರೆ ಒಳ್ಳೆಯದು, ಯಂತ್ರಕ್ಕೆ ಭಾರ ಬೀಳುವುದಿಲ್ಲ" ಎಂಬ ಮಾತನ್ನು ನಾನು ಎಷ್ಟು ವರ್ಷಗಳಿಂದ ಕೇಳುತ್ತಿದ್ದೇನೋ ಲೆಕ್ಕವಿಲ್ಲ. ಎತ್ತಿನಗಾಡಿಗೆ ಇನ್ನೊಂದು ಜೋಡಿ ಎತ್ತು ಕಟ್ಟಿದಂತೆ ಎಂದು ಜನ ತಿಳಿದಿದ್ದಾರೆ. ಎಸಿ ಹಾಗಲ್ಲ.

ಟನ್ ಎಂದರೆ ಏನು ಎಂಬಲ್ಲಿಂದ ಶುರುಮಾಡೋಣ. ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. 907 ಕಿಲೋ ಮಂಜುಗಡ್ಡೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕರಗುತ್ತಾ ಎಷ್ಟು ಶಾಖ ಹೀರುತ್ತದೆಯೋ ಅಷ್ಟು, ಇಂದಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಕಿಲೋವ್ಯಾಟ್. ಅದು ಶಾಖ ಎತ್ತುವ ವೇಗ. ಎಷ್ಟು ಬಿಸಿಗಾಳಿಯನ್ನು ಯಂತ್ರ ತಾಳಿಕೊಳ್ಳುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಕೈಪಿಡಿಯ ಅದೇ ಪುಟ ತೆರೆದು ನೋಡಿ: ಒಂದೇ ಸರಣಿಯಲ್ಲಿ ಏಳೂವರೆ ಟನ್ನಿಗೂ ಹತ್ತು ಟನ್ನಿಗೂ ಸಾಮಾನ್ಯವಾಗಿ ಮಿತಿ ಒಂದೇ ಇರುತ್ತದೆ. ಹತ್ತರದ್ದು ತಂದಿಟ್ಟರೆ 46 ಹೋಗಿ 50 ಆಗುವುದಿಲ್ಲ. ಆಗುವುದು ಇಷ್ಟು: ಮೊದಲು ಅದೇ ಮೂಲೆಗೆ ಒಂದೊಂದು ಯಂತ್ರ 35 ಕಿಲೋವ್ಯಾಟ್ ಶಾಖ ಎಸೆಯುತ್ತಿತ್ತು, ಈಗ 47ರಷ್ಟು ಎಸೆಯುತ್ತದೆ. ಗೋಡೆ ಅಲ್ಲೇ ಇದೆ, ತಗಡು ಅಲ್ಲೇ ಇದೆ. ರೋಗಕ್ಕೇ ಊಟ ಬಡಿಸಿದಿರಿ.

ಎರಡನೆಯದು ಡಕ್ಟ್, ಅಂದರೆ ತಂಪು ಗಾಳಿಯನ್ನು ಅಂಗಡಿಯೊಳಕ್ಕೆ ಒಯ್ಯುವ ಗಾಳಿಕೊಳವೆ. ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಎಂಬುದು ನಮ್ಮ ಕೆಲಸದ ಸಾಮಾನ್ಯ ಲೆಕ್ಕ. ನಿಮ್ಮ ಡಕ್ಟನ್ನು 3,000 ಘನ ಅಡಿಗೆ ಮಾಡಿಸಲಾಗಿದೆ. ಹತ್ತು ಟನ್ನಿಗೆ 4,000 ಬೇಕು. ಅದೇ ಡಕ್ಟಿನಲ್ಲಿ ಅಷ್ಟು ಗಾಳಿ ತಳ್ಳಲು ಒತ್ತಡ ಒಂದೂಮುಕ್ಕಾಲು ಪಟ್ಟು ಬೇಕು, ಫ್ಯಾನಿನ ಶಕ್ತಿ ಎರಡೂಕಾಲು ಪಟ್ಟಿಗೂ ಹೆಚ್ಚು. ಫ್ಯಾನಿಗೆ ಅದು ಸಾಧ್ಯವಾಗದೆ ಗಾಳಿ ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದರೆ ಒಳಗಿನ ಕಾಯಿಲ್ ಅತಿಯಾಗಿ ತಣ್ಣಗಾಗಿ ಮಂಜುಗಟ್ಟುತ್ತದೆ. ಆಮೇಲೆ ನಿಮ್ಮ ಪತ್ರ ಬರುವುದು, "ಸರ್, ಎಸಿಯಲ್ಲಿ ಐಸ್ ಕಟ್ಟುತ್ತಿದೆ, ಗ್ಯಾಸ್ ತುಂಬಿಸಲೇ" ಎಂದು.

ಮೂರನೆಯದು ಬೇಸಿಗೆ ಮುಗಿದ ಮೇಲೆ ಗೊತ್ತಾಗುತ್ತದೆ. ಆಗಸ್ಟ್‌ನಲ್ಲಿ ಅಂಗಡಿಗೆ ಐದು ಟನ್ ಸಾಕು. ಹತ್ತು ಟನ್ನಿನ ಯಂತ್ರ ಐದು ನಿಮಿಷ ಓಡಿ, ಥರ್ಮೋಸ್ಟಾಟ್ ಮುಟ್ಟಿ, ನಿಲ್ಲುತ್ತದೆ. ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯಲ್ಲಿನ ತೇವ ಹೊರಹೋಗಲು ಯಂತ್ರ ನಿಲ್ಲದೆ ಓಡುತ್ತಿರಬೇಕು. ಯಂತ್ರ ಶುರುವಾದ ಮೇಲೆ ಡ್ರೈನ್ ಪೈಪಿನಿಂದ ಮೊದಲ ಹನಿ ಬೀಳಲು ಎಷ್ಟು ಹೊತ್ತು ಬೇಕು ಎಂದು ನಿಂತು ನೋಡಿ. ನೀರು ಮೊದಲು ಕಾಯಿಲ್‌ನ ಮೇಲೆ ಪದರವಾಗಿ ಕೂರಬೇಕು, ಆಮೇಲೆ ಇಳಿಯಬೇಕು. ಅಷ್ಟರಲ್ಲಿ ನಿಂತ ಯಂತ್ರದ ಕಾಯಿಲ್‌ನಿಂದ ಫ್ಯಾನ್ ಆ ತೇವವನ್ನೇ ಮತ್ತೆ ಅಂಗಡಿಗೆ ಊದುತ್ತದೆ. ಮಂಗಳೂರಿನಲ್ಲಿ ಇಂಥ ಅಂಗಡಿಗಳ ಒಳಗೆ ಕಾಲಿಟ್ಟರೆ ಚಳಿಯೂ ಜಿಗುಟೂ ಒಟ್ಟಿಗೆ ಮೈಗೆ ತಾಗುತ್ತವೆ, ರೇಷ್ಮೆ ಸೀರೆಯ ಕಪಾಟಿನಿಂದ ಮುಗ್ಗಲು ವಾಸನೆ ಬರುತ್ತದೆ. ಕಂಪ್ರೆಸರ್‌ಗೂ ಇದು ಹಿಂಸೆ. ಪ್ರತಿ ಸಲ ಶುರುವಾದಾಗ ಸ್ವಲ್ಪ ಎಣ್ಣೆ ಗ್ಯಾಸಿನ ಜೊತೆ ಪೈಪಿಗೆ ಹೋಗುತ್ತದೆ, ಅದು ಮರಳಿ ಬರಲು ಸಮಯ ಬೇಕು. ಆ ಸಮಯವನ್ನೇ ನೀವು ಕೊಡುತ್ತಿಲ್ಲ.

ಹಾಗಾದರೆ ಪಕ್ಕದ ಅಂಗಡಿಯವರು ದೊಡ್ಡದು ಹಾಕಿಸಿದ ಮೇಲೆ ತೊಂದರೆಯೇ ಇಲ್ಲವಲ್ಲ ಎಂದು ಕೇಳುತ್ತೀರಿ. ಈ ನಂಬಿಕೆ ಸಾಯದಿರುವುದೇ ಅದರಿಂದ. ಹೊಸ ಯಂತ್ರ ಕೂರಿಸುವಾಗ ಏನೇನಾಯಿತು ನೋಡಿ: ಮಹಡಿಯ ಮೂಲೆಯ ಹಳೇ ರಟ್ಟಿನ ಪೆಟ್ಟಿಗೆ, ಮುರಿದ ಬೊಂಬೆ, ಫ್ಲೆಕ್ಸ್ ಎಲ್ಲವನ್ನೂ ತೆಗೆದರು. ಸಡಿಲವಾಗಿದ್ದ ವೈರ್ ಬದಲಾಯಿತು. ಕಾಯಿಲ್ ಹೊಸದು, ಅದರ ತೆಳು ಲೋಹದ ರೆಕ್ಕೆಗಳ ನಡುವೆ ಒಂದು ಎಳೆ ದೂಳಿಲ್ಲ. ಮೊದಲ ಬೇಸಿಗೆ ಚೆನ್ನಾಗಿಯೇ ಹೋಗುತ್ತದೆ. ಗೆದ್ದದ್ದು ಸ್ವಚ್ಛತೆ, ಹೆಸರು ಬಂದದ್ದು ಟನ್ನಿಗೆ. ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್ಲುಗಳ ಹೊಟ್ಟು ಹಾರುತ್ತದೆ, ರಾಯಚೂರಿನಲ್ಲಿ ಹತ್ತಿಯ ಎಳೆ ಹಾರುತ್ತದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಆ ಹೊಸ ಕಾಯಿಲ್‌ಗೂ ಕಂಬಳಿ ಹೊದಿಸಿದಂತಾಗಿರುತ್ತದೆ. ಪಕ್ಕದವರನ್ನು ಮುಂದಿನ ವರ್ಷ ಮೇ ತಿಂಗಳಲ್ಲಿ ಮತ್ತೊಮ್ಮೆ ಕೇಳಿ.

ಟನ್ ಎಂದಿಗೂ ಪ್ರಶ್ನೆಯೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಹೆಸರುಫಲಕದ ಟನ್ನನ್ನು ಅಳೆಯುವುದು ಹೊರಗೆ 35, ಒಳಗೆ 27 ಡಿಗ್ರಿ ಇಟ್ಟು. ಹೊರಗೆ 45 ಆದಾಗ ಯಂತ್ರ ಕೊಡುವುದು ಅದಕ್ಕಿಂತ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆ, ತಿನ್ನುವ ವಿದ್ಯುತ್ ಹೆಚ್ಚು. ಕೊಲ್ಲಿ ದೇಶಗಳಂಥ ಕಡೆಗೆಂದು ಹೊರಗೆ 46 ಡಿಗ್ರಿಯಲ್ಲಿ ಅಳೆಯುವ ಟಿ3 ಎಂಬ ಬೇರೆಯೇ ವರ್ಗವಿದೆ. ನಮ್ಮ ಬಿಸಿಲು ಸೀಮೆಯವರು ಹೊಸದು ಕೊಳ್ಳುವಾಗ ಅದನ್ನು ಕೇಳಿ ಪಡೆಯಬೇಕು. ನಿರ್ಧಾರದ ಗುರುತು ಸುಲಭ. ಯಂತ್ರ ನಿಲ್ಲದೆ ಓಡಿಯೂ ಅಂಗಡಿ ತಣ್ಣಗಾಗದಿದ್ದರೆ ಅದು ಟನ್ನಿನ ಪ್ರಶ್ನೆ. ಓಡುತ್ತಿದ್ದ ಯಂತ್ರ ಮಧ್ಯಾಹ್ನ ನಿಂತರೆ ಅದು ಹೆಚ್ಚಾಗಿ ಗಾಳಿಯ ಪ್ರಶ್ನೆ, ಕೆಲವೊಮ್ಮೆ ಕರೆಂಟಿನದು.

ಈಗ ಥರ್ಮಾಮೀಟರ್. ಯಂತ್ರ ಇಪ್ಪತ್ತು ನಿಮಿಷ ಓಡಿದ ಮೇಲೆ, ಮೂರು ಗಂಟೆಯ ಹೊತ್ತಿಗೆ, ಗಾಳಿ ಒಳಹೋಗುವ ಬದಿಯಲ್ಲಿ, ಬಿಸಿಲು ತಾಗದಂತೆ, ಕಾಯಿಲ್‌ನಿಂದ ಒಂದು ಗೇಣು ದೂರದಲ್ಲಿ ತೂಗುಹಾಕಿ. ಅದೇ ಹೊತ್ತಿಗೆ ಮಹಡಿಯ ತೆರೆದ ಕಡೆ, ನೆರಳಿನಲ್ಲಿ ಇನ್ನೊಂದು ಅಳತೆ. ಎರಡರ ನಡುವೆ ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಂತ್ರ ತಾನೇ ಬಿಟ್ಟ ಉಸಿರನ್ನು ತಾನೇ ಎಳೆದುಕೊಳ್ಳುತ್ತಿದೆ. ತಗಡು ತೆಗೆಯಿರಿ, ಗೋಡೆಯಿಂದ ಸರಿಸಿ, ಸರಿಸಲಾಗದಿದ್ದರೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಗೋಡೆಯ ಮಟ್ಟಕ್ಕೆ ಎತ್ತರಿಸಿ. ಎಷ್ಟು ಅಡಿ ಬಿಡಬೇಕೆಂಬ ಚಿತ್ರ ಕೈಪಿಡಿಯಲ್ಲೇ ಇದೆ. ವ್ಯತ್ಯಾಸ ಇಲ್ಲದಿದ್ದರೆ ಕಾಯಿಲ್ ತೊಳೆಸಿ, ನೀರು ಒಳಗಿನಿಂದ ಹೊರಕ್ಕೆ ಬರುವಂತೆ, ಕಡಿಮೆ ಒತ್ತಡದಲ್ಲಿ. ಗೋಣಿಚೀಲ ಕಟ್ಟಿ ಬೋರ್‌ವೆಲ್ ನೀರು ಚಿಮುಕಿಸುವ ಉಪಾಯ ಮಾತ್ರ ಬೇಡ. ಶಹಾಬಾದ್ ಕಲ್ಲಿನ ಸೀಮೆಯ ನೀರು ಅದು, ಒಂದೇ ಬೇಸಿಗೆಯಲ್ಲಿ ರೆಕ್ಕೆಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ.

ಕರೆಂಟಿನ ವಿಷಯ ಚಿಕ್ಕದಾಗಿ. ಮೂರೂ ಫೇಸ್‌ಗಳ ವೋಲ್ಟೇಜನ್ನು ಅದೇ ಮಧ್ಯಾಹ್ನ ಅಳೆಸಿ. 415, 405, 395 ಬಂತೆನ್ನಿ. ಸರಾಸರಿ 405, ಅದರಿಂದ ಅತಿ ದೂರದ ಅಂತರ 10, ಅಂದರೆ ಶೇ. 2.5ರಷ್ಟು ಏರುಪೇರು. ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದು ಶೇ. 2. ನೋಡಲು ಅಲ್ಪ, ಆದರೆ ಮೋಟಾರಿನ ಬಿಸಿಯೇರಿಕೆ ಈ ಏರುಪೇರಿನ ಅಂಕಿಯನ್ನು ಅದರಿಂದಲೇ ಗುಣಿಸಿದ್ದರ ಸುಮಾರು ಎರಡರಷ್ಟು ಶೇಕಡಾ ಹೆಚ್ಚುತ್ತದೆ: ಇಲ್ಲಿ ಶೇ. 12ಕ್ಕಿಂತ ಹೆಚ್ಚು. ಅಂಗಡಿಯ ದೀಪ, ಫ್ಯಾನ್ ಎಲ್ಲವನ್ನೂ ಒಂದೇ ಫೇಸ್‌ಗೆ ಹೇರಿದ್ದರೆ ಎಲೆಕ್ಟ್ರಿಷಿಯನ್ನಿಂದ ಹಂಚಿಸಿ.

ಒಬ್ಬರು ಓದುಗರು, ಔಷಧ ಅಂಗಡಿಯವರು, ಎರಡು ವರ್ಷದಿಂದ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ದಿನ ಮೂರು ಗಂಟೆಗೆ ಈ ಎರಡೂ ಉಷ್ಣಾಂಶಗಳನ್ನು ಬರೆದಿಡುತ್ತಿದ್ದಾರೆ. ಅಂತರ ಹೆಚ್ಚಿದ ವಾರವೇ ಮೂಲೆ ತೆರವು ಮಾಡಿಸುತ್ತಾರೆ. ಆ ಪುಟಗಳನ್ನು ನನಗೆ ಕಳುಹಿಸಿದಾಗ ನನ್ನ ವಿದ್ಯಾರ್ಥಿ ರ‍್ಯಾಂಕ್ ಬಂದಷ್ಟು ಸಂತೋಷವಾಯಿತು.

ಇನ್ನು ಯಾರೂ ಕೇಳದ ಮಾತು. ಮಿತಿ ಬಿಸಿಯ ತುದಿಗೆ ಮಾತ್ರವಲ್ಲ, ಚಳಿಯ ತುದಿಗೂ ಇದೆ. ಅದೇ ಪುಟದಲ್ಲಿ, 46ರ ಪಕ್ಕದಲ್ಲಿ, ಕೂಲಿಂಗ್‌ಗೆ ಕನಿಷ್ಠ ಇಷ್ಟು ಎಂದು ಇನ್ನೊಂದು ಅಂಕಿ ಇರುತ್ತದೆ, ಎಷ್ಟೋ ಮಾದರಿಗಳಲ್ಲಿ ಹತ್ತು ಡಿಗ್ರಿಯ ಆಸುಪಾಸು. ಬಟ್ಟೆ ಅಂಗಡಿಗೆ ಅದು ಲೆಕ್ಕಕ್ಕಿಲ್ಲ, ಚಳಿಯ ರಾತ್ರಿ ಎಸಿ ಹಾಕುವವರು ಯಾರು? ಆದರೆ ಸರ್ವರ್ ಕೋಣೆ ವರ್ಷವಿಡೀ, ರಾತ್ರಿಯಿಡೀ ತಂಪಾಗಿರಬೇಕು. ಬೀದರ್, ವಿಜಯಪುರಗಳಲ್ಲಿ ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆಗ ಹೊರಗಿನ ಕಾಯಿಲ್ ಅತಿಯಾಗಿ ತಣ್ಣಗಾಗಿ ಗ್ಯಾಸಿನ ಒತ್ತಡ ಬೀಳುತ್ತದೆ, ಒಳಗಿನ ಕಾಯಿಲ್‌ಗೆ ಸಾಕಷ್ಟು ಗ್ಯಾಸ್ ಹರಿಯುವುದಿಲ್ಲ, ಅಲ್ಲಿ ಮಂಜುಗಟ್ಟಿ ಬೆಳಗಿನ ಜಾವ ಯಂತ್ರ ನಿಲ್ಲುತ್ತದೆ. ಬ್ಯಾಂಕಿನವರು, ಆಸ್ಪತ್ರೆಯವರು ಗ್ಯಾಸ್ ಸೋರಿದೆ ಎಂದುಕೊಂಡು ತುಂಬಿಸುತ್ತಾರೆ. ಹಾಗೆ ಹೆಚ್ಚಾದ ಗ್ಯಾಸೇ ಏಪ್ರಿಲ್‌ನಲ್ಲಿ ಒತ್ತಡ ಏರಿಸಿ ಮಧ್ಯಾಹ್ನ ಯಂತ್ರ ನಿಲ್ಲಲು ಕಾರಣವಾಗುತ್ತದೆ.

ಅಂಥ ಕೋಣೆಗೆ ಹೊರಗಿನ ಚಳಿಗೆ ತಕ್ಕಂತೆ ಕಂಡೆನ್ಸರ್ ಫ್ಯಾನಿನ ವೇಗ ತಗ್ಗಿಸುವ ಕಂಟ್ರೋಲ್ ಹಾಕಿಸಬೇಕು. ಫಿಲ್ಟರ್ ಇಟ್ಟ ಒಂದು ಫ್ಯಾನಿನಿಂದ ರಾತ್ರಿಯ ಗಾಳಿಯನ್ನೇ ಒಳಗೆ ಬಿಟ್ಟರೆ ಇನ್ನೂ ಅಗ್ಗ. ಹೊರಗೆ ಹನ್ನೆರಡು ಡಿಗ್ರಿಯ ಒಣಗಾಳಿ ಬಿಟ್ಟಿಯಾಗಿ ಸಿಗುವಾಗ ಕಂಪ್ರೆಸರ್ ಓಡಿಸಲೇಬೇಕಿಲ್ಲ. ಬೀದರಿನವರು ಯಾರಾದರೂ ಹೀಗೆ ಮಾಡಿಸಿದ್ದರೆ ಡಿಸೆಂಬರ್‌ನ ವಿದ್ಯುತ್ ಬಿಲ್ ಸಹಿತ ಬರೆಯಿರಿ. ಕಲಬುರಗಿಯ ನೀವು ಮಾತ್ರ ಮೊದಲು ಮೂರು ಗಂಟೆಯ ಆ ಎರಡು ಅಂಕಿಗಳನ್ನು ಕಳುಹಿಸಿ.