ಇ.ವಿ. (ಎಲೆಕ್ಟ್ರಿಕ್ ವಾಹನ) ತಂದರೆ ಗೃಹಜ್ಯೋತಿ ಕೈತಪ್ಪುತ್ತದೆಯೇ?

ಪ್ರಶ್ನೆ: ನಮ್ಮದು ಕಟಪಾಡಿ. ಮನೆಯಲ್ಲಿ ತಿಂಗಳಿಗೆ 85 ಯೂನಿಟ್ ಖರ್ಚಾಗುತ್ತದೆ, ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ. ಎಲೆಕ್ಟ್ರಿಕ್ ಸ್ಕೂಟರೋ ಸಣ್ಣ ಕಾರೋ ತೆಗೆಯುವ ಆಲೋಚನೆಯಿದೆ. ಸಬ್ಸಿಡಿ ಎಷ್ಟು ಸಿಗುತ್ತದೆ? ಮನೆಯಲ್ಲೇ ಚಾರ್ಜ್ ಮಾಡಿದರೆ ಫ್ರೀ ಕರೆಂಟು ಹೋಗುತ್ತದೆಯೇ?

ಸ್ಕೂಟರಿಗೆ ಹೋಗುವುದಿಲ್ಲ. ಕಾರಿಗೆ ಹೋಗುವ ಸಂಭವ ಹೆಚ್ಚು. ಹೋದರೂ ಲಾಭವೇ ಇರಬಹುದು, ಅದು ನೀವು ಎಷ್ಟು ಓಡಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಶೋರೂಮಿನವರು ಸಬ್ಸಿಡಿಯ ಮಾತು ಎತ್ತುತ್ತಾರೆ, ಮೀಟರಿನ ಮಾತು ಎತ್ತುವುದಿಲ್ಲ. ನಮ್ಮ ಕರಾವಳಿಯ ಮನೆಗಳ ಮಟ್ಟಿಗೆ ಮೀಟರೇ ದೊಡ್ಡ ವಿಷಯ, ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಬರುವುದೇ ನಿಮ್ಮ ಉಚಿತ ಪಾಲು. ತೀರಾ ಕಡಿಮೆ ಬಳಸುವವರಿಗೆ ಮಾತ್ರ ಶೇಕಡಾವಾರಿನ ಬದಲು 10 ಯೂನಿಟ್ ಸೇರಿಸುತ್ತಾರೆ. ಆಗ ನಿಮ್ಮದು 80 ಇತ್ತೆಂದುಕೊಳ್ಳಿ, ಪಾಲು 88 ಆಯಿತು. 88 ದಾಟಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. 201ನೆಯ ಒಂದು ಯೂನಿಟ್ಟಿಗಾಗಿ ಆ ತಿಂಗಳ ಅಷ್ಟೂ ರಿಯಾಯಿತಿ ಹೋಗುತ್ತದೆ.

ಈಗ ಸ್ಕೂಟರ್. ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಎಂದರೆ 750 ಕಿ.ಮೀ. ಚಾರ್ಜಿಂಗ್‌ನಲ್ಲಿ ಪೋಲಾಗುವುದನ್ನೂ ಸೇರಿಸಿದರೆ 27 ಯೂನಿಟ್ ಸಾಕು. 85ಕ್ಕೆ 27 ಸೇರಿ 112, ಅಂದರೆ ಪಾಲು ಮೀರಿದ್ದು 24 ಯೂನಿಟ್. 2025-26ರ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಮೇಲೆ 36 ಪೈಸೆ ಸರ್‌ಚಾರ್ಜ್, ಶೇ 9 ತೆರಿಗೆ. ಎಲ್ಲ ಸೇರಿ ನೂರರವತ್ತು ರೂಪಾಯಿ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ ಇದೇ ಓಟಕ್ಕೆ, ಪೆಟ್ರೋಲಿಗೆ 102 ರೂಪಾಯಿ ಹಿಡಿದರೂ, 1,700 ರೂಪಾಯಿ ಬೇಕು. ಸ್ಕೂಟರಾದರೆ ಹಿಂದೆಮುಂದೆ ನೋಡಬೇಡಿ, ತೆಗೆದುಕೊಳ್ಳಿ.

ಕಾರಿನದ್ದು ಬೇರೆ ಕಥೆ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಸಣ್ಣ ಕಾರಿಗೆ ಗೋಡೆಯ ಪ್ಲಗ್ಗಿನಿಂದ 160 ಯೂನಿಟ್ ಬೇಕು. ಮನೆಯದ್ದು ಸೇರಿ 245, ಗೃಹಜ್ಯೋತಿ ಹೋಯಿತು. ಮಂಜೂರಾದ ಲೋಡ್ (ಮನೆ ಒಮ್ಮೆಗೆ ಎಳೆಯಬಹುದಾದ ಗರಿಷ್ಠ ವಿದ್ಯುತ್) 3 ಕಿಲೋವಾಟ್ ಆದರೆ ಕಿಲೋವಾಟಿಗೆ 145ರಂತೆ ನಿಗದಿತ ಶುಲ್ಕವೂ ಸೇರಿ ಬಿಲ್ಲು 2,070 ರೂಪಾಯಿಯ ಹತ್ತಿರ ಬರುತ್ತದೆ. ಸೊನ್ನೆ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ದೊಡ್ಡದಾಗಿ ಕಾಣುತ್ತದೆ. ಆದರೆ ಲೀಟರಿಗೆ 16 ಕಿ.ಮೀ. ಕೊಡುವ ಕಾರು ಅದೇ ಸಾವಿರ ಕಿ.ಮೀ.ಗೆ 6,375 ರೂಪಾಯಿಯ ಪೆಟ್ರೋಲ್ ಕುಡಿಯುತ್ತದೆ. ಮನೆಯ ದೀಪ, ಫ್ರಿಜ್, ಪಂಪಿನ ಖರ್ಚೂ ಆ 2,070ರಲ್ಲೇ ಬಂತು, ಆಗಲೂ ತಿಂಗಳಿಗೆ 4,000 ರೂಪಾಯಿಗೂ ಮಿಕ್ಕಿ ಉಳಿತಾಯ. ತಿಂಗಳ ಓಟ 700 ಕಿ.ಮೀ. ಒಳಗೇ ಇದ್ದರೆ ನಿಮ್ಮ ಮನೆ 200ರ ಗೆರೆ ದಾಟುವುದೇ ಇಲ್ಲ. ಆದರೆ ಭಾನುವಾರ ಮಾತ್ರ ಹೊರಗೆ ತೆಗೆಯುವ, ತಿಂಗಳಿಗೆ 300 ಕಿ.ಮೀ. ಓಡುವ ಕಾರಾದರೆ ಉಳಿತಾಯ ಸಾವಿರದಾರುನೂರು ರೂಪಾಯಿಗೆ ಇಳಿಯುತ್ತದೆ. ಖರೀದಿಯಲ್ಲಿ ಹೆಚ್ಚು ಕೊಟ್ಟ ಲಕ್ಷಗಳು ಅದರಿಂದ ಬೇಗ ಹುಟ್ಟುವುದಿಲ್ಲ. ಅಂಥವರಿಗೆ ನಾನು ಕಾರು ಬೇಡ ಎಂದೇ ಹೇಳುತ್ತೇನೆ.

ಗೃಹಜ್ಯೋತಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ ಇ.ವಿ. ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ನಮ್ಮ ಕಡೆ ಕರೆಂಟು ಕೊಡುವ ಮೆಸ್ಕಾಂನ ಉಪವಿಭಾಗದ ಕಚೇರಿಗೆ ಹೋಗುವಾಗ ಹಳೆಯ ಬಿಲ್ಲು ಜೊತೆಗಿರಲಿ. ಹೊಸ ಮೀಟರಿಗೆ ಠೇವಣಿ, ನಿಗದಿತ ಶುಲ್ಕ ಬೇರೆಯೇ ಇರುತ್ತದೆ, ಅದನ್ನು ಕೇಳಿಕೊಂಡೇ ಅರ್ಜಿ ಹಾಕಿ.

ಸಬ್ಸಿಡಿಯ ವಿಷಯ ಬೇಗ ಮುಗಿಯುತ್ತದೆ, ಯಾಕೆಂದರೆ ಉಳಿದಿರುವುದೇ ಸ್ವಲ್ಪ. 2021ರಲ್ಲಿ ಕೇಂದ್ರದ ಫೇಮ್-2 ಯೋಜನೆ ಸ್ಕೂಟರ್ ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ, ಅಂದರೆ ಕಿಲೋವಾಟ್‌ಅವರ್‌ಗೆ 15,000 ರೂಪಾಯಿ ಕೊಡುತ್ತಿತ್ತು. 2023ರ ಜೂನ್‌ನಲ್ಲಿ ಅದು 10,000 ಆಯಿತು, 2024ರಲ್ಲಿ 5,000. ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2025-26ಕ್ಕೆ 2,500 ಇತ್ತು, ಒಂದು ಸ್ಕೂಟರಿಗೆ ಹೆಚ್ಚೆಂದರೆ 5,000. ಸ್ವಂತ ಬಳಕೆಯ ಕಾರಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ಮನೆಯ ಚಾರ್ಜರಿಗೂ ಇಲ್ಲ, ಯೋಜನೆಯ 2,000 ಕೋಟಿ ಇರುವುದು ಸಾರ್ವಜನಿಕ ಚಾರ್ಜಿಂಗ್‌ಗೆ. ಇ.ವಿ. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷದ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ, ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ನಿಜವಾದ ರಿಯಾಯಿತಿ ತೆರಿಗೆಯಲ್ಲಿದೆ. ಜಿಎಸ್‌ಟಿ ಶೇ 5 ಮಾತ್ರ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 14, ಮೇಲೆ ಸೆಸ್. ಇ.ವಿ.ಗೆ 2016ರಿಂದ ಪೂರ್ಣ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ 10 ಹಾಕಿದರು. ಈ ನಿಯಮ ಬದಲಾಗುತ್ತಲೇ ಬಂದಿದೆ. ಬುಕಿಂಗ್ ದಿನ ಆನ್‌ರೋಡ್ ಕೊಟೇಶನ್ನಿನಲ್ಲಿ ರಸ್ತೆ ತೆರಿಗೆಯ ಸಾಲಿಗೆ ಬೆರಳಿಟ್ಟು ಕೇಳಿ. ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ಶೇ 15 ರಿಯಾಯಿತಿ ತಂದಿದ್ದಾರೆ, ಅದೂ ಕೊಟೇಶನ್ನಿನಲ್ಲಿ ಇಳಿದಿದೆಯೇ ನೋಡಿ.

ಶೋರೂಮಿನಲ್ಲಿ 7.2 ಕಿಲೋವಾಟಿನ ಗೋಡೆ ಚಾರ್ಜರ್ ಹಾಕಿಸಿಕೊಳ್ಳಿ ಎನ್ನಬಹುದು. ಅದಕ್ಕಾಗಿ ಲೋಡನ್ನು 4 ಕಿಲೋವಾಟ್ ಹೆಚ್ಚಿಸಿಕೊಂಡರೆ ನಿಗದಿತ ಶುಲ್ಕವೇ ತಿಂಗಳಿಗೆ 580, ವರ್ಷಕ್ಕೆ 6,960 ರೂಪಾಯಿ ಜಾಸ್ತಿ. ಕಟಪಾಡಿಯಿಂದ ಉಡುಪಿಗೋ ಮಂಗಳೂರಿಗೋ ಹೋಗಿಬರುವವರಿಗೆ ಅಷ್ಟು ವೇಗ ಬೇಡ. 16 ಆಂಪಿಯರಿನ ಒಳ್ಳೆಯ ಸಾಕೆಟ್ಟಿನಿಂದ 24 ಕಿಲೋವಾಟ್‌ಅವರ್ ಬ್ಯಾಟರಿಯ ಟಿಯಾಗೊದಂಥ ಕಾರು ರಾತ್ರಿ ಹಚ್ಚಿದರೆ ಬೆಳಗ್ಗೆ ತುಂಬಿರುತ್ತದೆ. ಮೇನ್ ಬೋರ್ಡಿನಿಂದ ನೇರ 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು), ಕರೆಂಟು ಸೋರಿದರೆ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಇಸ್ತ್ರಿಪೆಟ್ಟಿಗೆಯ ಹಳೆಯ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಎಳೆದು ಕಾರು ಚಾರ್ಜ್ ಮಾಡಬೇಡಿ, ಸಾಕೆಟ್ ಕರಗುತ್ತದೆ.

ಮತ್ತೆ ಅರ್ಥಿಂಗ್. ಇದನ್ನು ಒತ್ತಿ ಹೇಳಬೇಕು. ನಮ್ಮ ಮನೆ ಸುರತ್ಕಲ್‌ನ ಒಳಗೆ, ಗುಡ್ಡೆಯ ಮೇಲೆ, ಅಡಿಯಲ್ಲಿ ಬರೀ ಮುರಕಲ್ಲು. ಕಾರು ತಂದದ್ದು ಡಿಸೆಂಬರಿನಲ್ಲಿ, ನಾಲ್ಕು ತಿಂಗಳು ಏನೂ ತೊಂದರೆಯಿರಲಿಲ್ಲ. ಏಪ್ರಿಲ್‌ನ ಒಂದು ರಾತ್ರಿ ಪ್ಲಗ್ ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ, ಕಾರಿನಲ್ಲಿ ಚಾರ್ಜೇ ಇಲ್ಲ. ತೆಗೆದು ಮತ್ತೆ ಹಾಕಿದೆ, ಅದೇ ಕೆಂಪು. ಮರುದಿನ ಬಂದ ವಯಸ್ಸಾದ ಎಲೆಕ್ಟ್ರಿಷಿಯನ್ ಕಾರಿನ ಹತ್ತಿರ ಹೋಗಲೇ ಇಲ್ಲ. ಹಿತ್ತಿಲಿಗೆ ಹೋಗಿ ಅರ್ಥ್ ಗುಂಡಿಯ ಮುಚ್ಚಳ ಎತ್ತಿ, ಬಾವಿಯಿಂದ ಎರಡು ಕೊಡಪಾನ ನೀರು ತಂದು ಸುರಿದರು. ಒಣಗಿದ ಮಣ್ಣು ಅದನ್ನು ಸೊರ್ರನೆ ಹೀರಿತು. ಹತ್ತು ನಿಮಿಷ ಕಳೆದು ಪ್ಲಗ್ ಹಾಕಿದಾಗ ಹಸಿರು ದೀಪ ಬಂತು. ಮುರಕಲ್ಲು ಬೇಸಿಗೆಯಲ್ಲಿ ಒಣಗಿದರೆ ಭೂಮಿಗೆ ಕರೆಂಟು ಇಳಿಯುವ ದಾರಿಯೇ ಕಟ್ಟಿಹೋಗುತ್ತದೆ, ಅದನ್ನು ಚಾರ್ಜರ್ ಕಂಡುಹಿಡಿದು ತಾನೇ ನಿಲ್ಲುತ್ತದೆ. ಆಮೇಲೆ ಆಳದ ಹೊಸ ಅರ್ಥಿಂಗ್ ಮಾಡಿಸಿದೆವು. ನೀವು ಕಾರು ಬುಕ್ ಮಾಡುವ ಮೊದಲು ಅರ್ಥಿಂಗ್ ಅಳೆಸಿ, ಸಾಧ್ಯವಾದರೆ ಮಾರ್ಚ್‌ನಲ್ಲೇ. ಮಳೆಗಾಲದಲ್ಲಿ ಅಳೆದರೆ ಎಲ್ಲ ಮನೆಯ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ.

ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಮೇ ಮತ್ತು ಅಕ್ಟೋಬರ್‌ನ ಸಂಜೆ ಗುಡುಗಿದರೆ ಪ್ಲಗ್ ತೆಗೆದೇ ಬಿಡಿ.

ಮನೆಯ ಮಾಡಿನ ಮೇಲೆ ಬಿಸಿಲು ಬೀಳುವ ಜಾಗವಿದ್ದರೆ ಕೈಗೆ ಸಿಗುವ ದೊಡ್ಡ ಸಹಾಯಧನ ಇ.ವಿ. ಹೆಸರಿನಲ್ಲಿ ಇಲ್ಲವೇ ಇಲ್ಲ, ಸೋಲಾರಿನ ಹೆಸರಿನಲ್ಲಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟಿನ ಸೋಲಾರಿಗೆ 78,000 ರೂಪಾಯಿ ಕೊಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಆಕಾಶ ಹೇಗಿರುತ್ತದೆ ನಿಮಗೇ ಗೊತ್ತು, ಅದನ್ನು ಕಳೆದೇ ಲೆಕ್ಕ ಹಾಕಿ. ಕದ್ರಿ, ಮಣಿಪಾಲದ ಕಡೆ ಫ್ಲಾಟಿನಲ್ಲಿರುವವರಿಗೂ ಇದರಲ್ಲಿ ಅವಕಾಶವಿದೆ. ಇ.ವಿ. ಚಾರ್ಜಿಂಗ್ ಸೇರಿದಂತೆ ಸಾಮಾನ್ಯ ಸೌಲಭ್ಯಗಳಿಗೆ ಸಂಘದ ಹೆಸರಿನಲ್ಲಿ ಹಾಕುವ ಸೋಲಾರಿಗೆ ಕಿಲೋವಾಟಿಗೆ 18,000 ರೂಪಾಯಿ ಬರುತ್ತದೆ, ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತಬಹುದು.