ಚಾಂಪಿಯನ್ ಆಗಿದ್ದಾಗಲೇ ಎನ್‌ಗಾನು ಯುಎಫ್‌ಸಿ ಬಿಟ್ಟಿದ್ದು ಯಾಕೆ?

ಯುಎಫ್‌ಸಿ ಅಂದರೆ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಕೇಜ್ ಅಂದರೆ ಬಲೆಯ ಆವರಣದೊಳಗೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಪಂದ್ಯಗಳನ್ನು ನಡೆಸುವ ಅಮೆರಿಕದ ಕಂಪನಿ. 2023ರ ಜನವರಿಯಲ್ಲಿ ಅದರ ಹೆವಿವೇಟ್ ಚಾಂಪಿಯನ್ ಫ್ರಾನ್ಸಿಸ್ ಎನ್‌ಗಾನು ಅಲ್ಲಿಂದ ಹೊರನಡೆದರು. ಹುಡುಗನಾಗಿದ್ದಾಗ ಕ್ಯಾಮರೂನಿನ ಮರಳು ಗಣಿಯಲ್ಲಿ ದುಡಿದವರು, ಪ್ಯಾರಿಸ್‌ನಲ್ಲಿ ಸೂರಿಲ್ಲದೆ ದಿನ ಕಳೆದವರು. ಅಂಥವರು ಕೈಗೆ ಬಂದ ಬೆಲ್ಟನ್ನು ಸುಮ್ನೆ ಬಿಡಲ್ಲ, ಅಲ್ವಾ?

ಯುಎಫ್‌ಸಿ ಶುರುವಾಗಿದ್ದು 1993ರ ನವೆಂಬರ್‌ನಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. ಒಂದೇ ರಾತ್ರಿ ಮೂವರನ್ನು ಮಣಿಸಿದ ರಾಯ್ಸ್ ಗ್ರೇಸಿಗೆ 50,000 ಡಾಲರ್ ಸಿಕ್ಕಿತು. 2001ರಲ್ಲಿ ಉದ್ಯಮಿಗಳಾದ ಫರ್ಟಿಟಾ ಸಹೋದರರು 20 ಲಕ್ಷ ಡಾಲರಿಗೆ ಯುಎಫ್‌ಸಿಯನ್ನು ಕೊಂಡರು. 2016ರಲ್ಲಿ ಮಾರಿದ್ದು ಸುಮಾರು 400 ಕೋಟಿ ಡಾಲರಿಗೆ!

ಫೈಟರ್‌ಗಳ ಪಾಲು ಹಾಗೆ ಬೆಳೆಯಲಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಆಟಗಾರರಿಗೆ ಯೂನಿಯನ್ ಇದೆ, ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಅವರದು. ಯುಎಫ್‌ಸಿ ಫೈಟರ್‌ಗಳು ನೌಕರರೂ ಅಲ್ಲ, ಬರೀ ಗುತ್ತಿಗೆದಾರರು. ಸಾಮಾನ್ಯವಾಗಿ ಕೇಜ್‌ಗೆ ಇಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಅಷ್ಟೇ ಇನ್ನೊಂದು. ಸೋತರೆ ಅರ್ಧ ಹೋಯ್ತು. ಕೋಚ್, ಮ್ಯಾನೇಜರ್, ತೆರಿಗೆ ಎಲ್ಲ ಅದರಲ್ಲೇ. ಮೊದಲು ಚಡ್ಡಿ ಮೇಲೆ ಜಾಹೀರಾತು ಹಾಕಿಸಿ ಒಂದಿಷ್ಟು ಗಳಿಸುತ್ತಿದ್ದರು. 2015ರಲ್ಲಿ ರೀಬಾಕ್ ಸಮವಸ್ತ್ರ ಬಂದಮೇಲೆ ಆ ದಾರಿಯೂ ಮುಚ್ಚಿತು.

ನನ್ನ ಕೇಳಿದರೆ ಇದಕ್ಕಿಂತ ಬಿಗಿಯಾದ ಗಂಟು ಚಾಂಪಿಯನ್ ಷರತ್ತು. ಬೆಲ್ಟ್ ಗೆದ್ದರೆ ಒಪ್ಪಂದ ತಾನಾಗಿಯೇ ಮುಂದುವರಿಯುತ್ತದೆ. ಬೆಲೆ ಏರಿದಾಗಲೇ ಬೇರೆ ಕಡೆ ಕೇಳುವ ಹಾಗಿಲ್ಲ. ಅಮೆರಿಕದಲ್ಲಿ ಬಾಕ್ಸಿಂಗ್‌ಗೆ 2000ರ ಮುಹಮ್ಮದ್ ಅಲಿ ಕಾಯ್ದೆ ಇದೆ. ಪಂದ್ಯದಿಂದ ಎಷ್ಟು ಬಂತು ಅಂತ ಅದನ್ನು ಏರ್ಪಡಿಸಿದ ಪ್ರಮೋಟರ್ ಬಾಕ್ಸರ್‌ಗೆ ತಿಳಿಸಬೇಕು. ಆ ಕಾಯ್ದೆ ಎಂಎಂಎಗೆ ಅನ್ವಯಿಸುವುದಿಲ್ಲ.

ಎನ್‌ಗಾನು 2022ರ ಜನವರಿಯಲ್ಲಿ ಮೊಣಕಾಲಿನ ಗಾಯ ಇಟ್ಟುಕೊಂಡೇ ಸಿರಿಲ್ ಗಾನ್ ಅವರನ್ನು ಸೋಲಿಸಿದರು. ಬಹಿರಂಗವಾದ ಸಂಭಾವನೆ 6 ಲಕ್ಷ ಡಾಲರ್. ಚಾಂಪಿಯನ್‌ಗೆ ಇಷ್ಟೇನಾ ಅನ್ನಿಸುತ್ತದೆ. ಅವರು ಕೇಳಿದ್ದು ದುಡ್ಡು ಮಾತ್ರ ಅಲ್ಲ: ಫೈಟರ್‌ಗಳಿಗೆ ಆರೋಗ್ಯ ವಿಮೆ, ಸ್ವಂತ ಪ್ರಾಯೋಜಕರು, ಅವರ ಪರ ಮಾತಾಡಲು ಒಬ್ಬ ಪ್ರತಿನಿಧಿ. ಮಾತುಕತೆ ಮುರಿಯಿತು. ಆ ಷರತ್ತಿನಿಂದ ಮುಂದುವರಿದಿದ್ದ ಒಪ್ಪಂದದ ಅವಧಿಯೂ ಮುಗಿಯುವವರೆಗೆ ಕಾದು ಹೊರಟರು. 2023ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಬಾಕ್ಸರ್ ಟೈಸನ್ ಫ್ಯೂರಿಯನ್ನು ಮೂರನೇ ಸುತ್ತಿನಲ್ಲಿ ಕೆಡವಿದರು, ಕೊನೆಗೆ ಅಂಕಗಳಲ್ಲಿ ಸೋತರು.

ಹಾಗೆ ಕಾಯುವ ತಾಕತ್ತು ಎಲ್ಲರಿಗೂ ಇರಲ್ಲ. ಫೈಟರ್ ಕುಂಗ್ ಲೀ ಮತ್ತಿತರರು 2014ರಲ್ಲೇ ಯುಎಫ್‌ಸಿ ಮೇಲೆ ಏಕಸ್ವಾಮ್ಯದ ಆರೋಪ ಹೊರಿಸಿ ಕೋರ್ಟಿಗೆ ಹೋಗಿದ್ದರು. 33.5 ಕೋಟಿ ಡಾಲರಿನ ಮೊದಲ ರಾಜಿಯನ್ನು ನ್ಯಾಯಾಧೀಶರೇ ಒಪ್ಪಲಿಲ್ಲ. 2025ರಲ್ಲಿ 37.5 ಕೋಟಿ ಡಾಲರಿಗೆ ಪ್ರಕರಣ ಮುಗಿಯಿತು. ಆ ಹಣ 2017ರ ಜೂನ್‌ವರೆಗೆ ಕಾದಾಡಿದವರಿಗೆ ಮಾತ್ರ. ಆಮೇಲೆ ಬಂದವರು ಬೇರೆಯೇ ಮೊಕದ್ದಮೆ ಹೂಡಿದ್ದಾರೆ.