ನಾಯಿ ಇರೋರಿಗೆ ಮನೆ ಕೊಡೋದಾ? ಮೊದಲು ನಾಯಿಯನ್ನು ನೋಡಿ ಬನ್ನಿ

ಹಾಸನದಲ್ಲಿ ಪಶುವೈದ್ಯನಾದ ನನಗೆ ಮನೆ ಓನರ್‌ಗಳ ಫೋನೂ ಬರುತ್ತದೆ. "ಡಾಕ್ಟ್ರೇ, ಮೇಲಿನ ಮನೆಗೆ ಒಳ್ಳೆ ಜನ ಬಂದಿದ್ದಾರೆ, ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ. ಆದರೆ ಲ್ಯಾಬ್ರಡಾರ್ ಇದೆಯಂತೆ, ಕೊಡಬಹುದಾ?" ನಾನು ಕೇಳುವುದು ಒಂದೇ: ಇಬ್ಬರೂ ಕೆಲಸಕ್ಕೆ ಹೋದರೆ ನಾಯಿ ಜೊತೆ ಯಾರಿರುತ್ತಾರೆ?

ಜನ ತಳಿ ನೋಡಿ ಹೆದರುತ್ತಾರೆ. ಮನೆ ಹಾಳಾಗುವುದು ತಳಿಯಿಂದಲ್ಲ, ಎಳೇ ವಯಸ್ಸು ಮತ್ತು ಒಂಟಿತನದಿಂದ. ಮೂರರಿಂದ ಏಳು ತಿಂಗಳವರೆಗೆ ಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ಆಗ ಕೈಗೆ ಸಿಕ್ಕ ಮರ, ವೈರು, ಚಪ್ಪಲಿ ಎಲ್ಲ ಕಡಿಯುತ್ತದೆ. ದೊಡ್ಡ ನಾಯಿಯನ್ನು ಬೆಳಗ್ಗೆಯಿಂದ ಸಂಜೆವರೆಗೆ ಒಂಟಿಯಾಗಿ ಕೂಡಿಹಾಕಿದರೆ ಅದು ಬಾಗಿಲ ಹತ್ತಿರವೇ ನಿಂತು ಕೆರೆಯುತ್ತದೆ, ಹಾಗಾಗಿ ಇಂಥ ಮನೆಗಳಲ್ಲಿ ಹಾಳಾಗಿರುವುದು ಹೆಚ್ಚಾಗಿ ಬಾಗಿಲು ಮತ್ತು ಅದರ ಚೌಕಟ್ಟು. ಬೊಗಳುವುದು ಬೇರೆ. ಆರೇಳು ವರ್ಷದ ಬೀದಿ ತಳಿಯ ನಾಯಿ, ಮನೆಯಲ್ಲಿ ಅಜ್ಜಿಯೊಬ್ಬರು ಇದ್ದರೆ, ಎಷ್ಟೋ ಸಲ ಇರುವುದೇ ಗೊತ್ತಾಗುವುದಿಲ್ಲ.

ಬೆಕ್ಕಾದರೆ ಗಂಡೋ ಹೆಣ್ಣೋ, ಆಪರೇಷನ್ ಆಗಿದೆಯೋ ಇಲ್ವೋ ಕೇಳಿ. ಆಪರೇಷನ್ ಆಗದ ಗಂಡು ಬೆಕ್ಕು ಗೋಡೆ, ಪರದೆಗೆಲ್ಲ ಉಚ್ಚೆ ಸಿಂಪಡಿಸಿ ಗುರುತು ಮಾಡುತ್ತದೆ, ಹಳೇ ಮನೆಯ ಸಿಮೆಂಟು ನೆಲ ಅದನ್ನು ಹೀರಿಕೊಂಡರೆ ವಾಸನೆ ಬೇಗ ಹೋಗುವುದಿಲ್ಲ. ಎಳೇ ವಯಸ್ಸಿನಲ್ಲೇ ಆಪರೇಷನ್ ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ಈ ಅಭ್ಯಾಸ ಬರುವುದೇ ಇಲ್ಲ. ಇನ್ನೊಂದು ಮಾತು, ವಾಸನೆ ಅಂತ ಕಪ್ಪು ಫಿನಾಯಿಲ್ ಸುರಿಯಬೇಡಿ. ಅದರಲ್ಲಿರುವ ಫೀನಾಲ್ ಬೆಕ್ಕಿಗೆ ವಿಷ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಸಾಕು.

ನನ್ನ ಪ್ರಕಾರ ಓನರ್‌ಗಳು ನಿಜವಾಗಿ ಹೆದರಬೇಕಾದದ್ದು ಉಣ್ಣೆಗೆ. ನಾಯಿಗೆ ಹತ್ತುವ ಕಂದು ಉಣ್ಣೆ ಮನೆಯೊಳಗೇ ಸಂಸಾರ ಹೂಡುತ್ತದೆ. ಹೆಣ್ಣು ಉಣ್ಣೆ ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ತಿಂಗಳುಗಟ್ಟಲೆ ರಕ್ತ ಕುಡಿಯದೆ ಬದುಕುತ್ತದೆ, ಅಂದರೆ ಬಾಡಿಗೆಯವರು ಹೋದ ಮೇಲೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ. ಸಕಲೇಶಪುರದಷ್ಟು ಮಳೆ ಇಲ್ಲಿ ಇಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿ ಜಾಸ್ತಿ ಹೊತ್ತು ಒಳಗೇ ಇರುತ್ತದೆ. ಉಣ್ಣೆಗೆ ಏನು ಔಷಧಿ ಹಾಕುತ್ತೀರಿ, ಕೊನೆಗೆ ಹಾಕಿದ್ದು ಯಾವಾಗ ಅಂತ ಕೇಳಿ. ತಟ್ಟನೆ ಉತ್ತರ ಬಂದರೆ ಅವರು ಪ್ರಾಣಿಯನ್ನು ಚೆನ್ನಾಗಿ ನೋಡಿಕೊಳ್ಳುವವರು. ಲಸಿಕೆ ಕಾರ್ಡನ್ನೂ ತರಿಸಿ ನೋಡಿ. ರೇಬಿಸ್ ಜೊತೆಗೆ ಇಲಿ ಜ್ವರದ ಲಸಿಕೆಯೂ ವರ್ಷಕ್ಕೊಮ್ಮೆ ಆಗಿರಬೇಕು.

ಇದೆಲ್ಲ ಯಾಕೆ, ಸುಮ್ನೆ "ಪ್ರಾಣಿ ಬೇಡ" ಅಂದರೆ ಆಯ್ತಲ್ವಾ ಅನ್ನುವವರಿದ್ದಾರೆ. ಹಾಗೆ ಬೋರ್ಡ್ ಹಾಕಿದ ಮನೆಗಳಲ್ಲೂ ಪ್ರಾಣಿ ಇರುತ್ತದೆ, ಕದ್ದು. ಓನರ್ ಬಂದಾಗಲೆಲ್ಲ ಬಚ್ಚಲಲ್ಲಿ ಕೂಡಿಹಾಕಿದ ನಾಯಿಗಳನ್ನು ನಾನು ನೋಡಿದ್ದೇನೆ, ಚರ್ಮ ಕೆಟ್ಟು, ಯಾರನ್ನು ಕಂಡರೂ ಬೆದರುವಂತೆ ಆಗಿರುತ್ತವೆ. ಕದ್ದು ಸಾಕುವವರ ಹತ್ತಿರ ನೀವು ಯಾವ ಷರತ್ತೂ ಹಾಕುವ ಹಾಗಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲೇ ಬರೆಸಿ: ಯಾವ ಪ್ರಾಣಿ, ಎಷ್ಟು, ಮರಿ ಮಾಡಿಸಿ ಮಾರುವಂತಿಲ್ಲ, ಬಿಡುವಾಗ ಉಣ್ಣೆ ಔಷಧಿ ಹೊಡೆಸಬೇಕು, ಬಾಗಿಲು ಹಾಳಾದರೆ ರಿಪೇರಿ ಖರ್ಚು ಅಡ್ವಾನ್ಸ್‌ನಲ್ಲಿ ಹಿಡಿಯಲಾಗುತ್ತದೆ. ಕೀ ಕೊಡುವ ದಿನ ಬಾಗಿಲು, ನೆಲದ ಫೋಟೋ ಇಬ್ಬರ ಫೋನಿನಲ್ಲೂ ಇರಲಿ.

ಸಾಧ್ಯವಾದರೆ ಅವರು ಈಗಿರುವ ಮನೆಗೆ ಒಮ್ಮೆ ಹೋಗಿ. ಹತ್ತು ನಿಮಿಷ ಸಾಕು. ಒಳಗೆ ಹೋದ ಕೂಡಲೇ ವಾಸನೆ ಬರುತ್ತದಾ, ಬಾಗಿಲ ಕೆಳಗೆ ಕೆರೆದ ಗುರುತು ಇದೆಯಾ, ಬೊಗಳಿದ ನಾಯಿ ಯಜಮಾನರು ಕರೆದರೆ ಸುಮ್ಮನಾಗುತ್ತದಾ, ಇಷ್ಟು ನೋಡಿ.

ಬೇಡ ಅನ್ನಬೇಕಾದ ಕಡೆಯೂ ಇದೆ. ಕೆಳಗಿನ ಮನೆಯಲ್ಲಿ ಈಗಾಗಲೇ ಜಗಳಗಂಟ ನಾಯಿ ಇದ್ದು ಮೆಟ್ಟಿಲು ಒಂದೇ ಆಗಿದ್ದರೆ, ಕಾಂಪೌಂಡಿಗೆ ಗೇಟೇ ಇಲ್ಲದಿದ್ದರೆ, ನಿಮಗೇ ಅಲರ್ಜಿ ಇದ್ದರೆ ಬೇಡ ಎನ್ನಿ, ಆದರೆ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಎನ್ನಿ. ಸಾಮಾನು ಇಳಿಸಿದ ಮೇಲೆ ಒಂದು ವಾರದಲ್ಲಿ ನಾಯಿಯನ್ನು ಎಲ್ಲಾದರೂ ಬಿಟ್ಟು ಬನ್ನಿ ಅಂದರೆ, ಕೆಲವರು ನಿಜವಾಗಲೂ ಬಿಟ್ಟು ಬರುತ್ತಾರೆ. ಸಾಕಿದ ಪ್ರಾಣಿಯನ್ನು ಹಾಗೆ ದಿಕ್ಕಿಲ್ಲದಂತೆ ಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಮನೆಯಲ್ಲೇ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕಲು ಬರುವುದಿಲ್ಲ.